ಪಟ್ಟು ಗೊತ್ತಿದೆ, ಆದರೆ ಕೂರುತ್ತಿಲ್ಲ

ಪ್ರಶ್ನೆ: ಮೇಡಂ, ನನಗೆ 34 ವರ್ಷ, ತೂಕ 61 ಕೆಜಿ. ಬ್ರೆಜಿಲಿಯನ್ ಜಿಯು-ಜಿಟ್ಸು (ನೆಲದ ಮೇಲೆ ಹಿಡಿದು ಮಣಿಸುವ, ಕುಸ್ತಿಯಂಥ ಆಟ) ಕಲಿಯಲು ಸೇರಿ 4 ತಿಂಗಳಾಯಿತು. ವಾರಕ್ಕೆ 3 ಕ್ಲಾಸ್, ಒಂದನ್ನೂ ತಪ್ಪಿಸಿಲ್ಲ. ಆರ್ಮ್‌ಬಾರ್, ಟ್ರಯಾಂಗಲ್, ಕಿಮುರಾ, ಅಮೆರಿಕಾನಾ, ಗಿಲೊಟಿನ್, ಬೆನ್ನ ಹಿಂದಿನಿಂದ ಹಾಕುವ ಚೋಕ್ (ಕತ್ತು ಬಿಗಿಯುವುದು), ಎಲ್ಲ ಪಟ್ಟುಗಳನ್ನೂ ತೋರಿಸಿಕೊಟ್ಟಿದ್ದಾರೆ. ಜೊತೆಗಾರ ಸುಮ್ನೆ ಮಲಗಿದ್ದರೆ ಎಲ್ಲವೂ ಬರುತ್ತದೆ. ರೋಲ್ (ಇಬ್ಬರೂ ನಿಜವಾಗಿ ಸೆಣಸುವ ಅಭ್ಯಾಸ) ಶುರುವಾದ ಮೇಲೆ ಒಂದೂ ಕೂರುವುದಿಲ್ಲ. ಇದ್ದ ಶಕ್ತಿಯೆಲ್ಲ ಹಾಕಿ ಎಳೆಯುತ್ತೇನೆ, ಎರಡೇ ನಿಮಿಷಕ್ಕೆ ಕೈ ಸೋತುಹೋಗುತ್ತದೆ. 3 ವಾರದ ಹಿಂದೆ ಒಬ್ಬರ ಆರ್ಮ್‌ಬಾರ್‌ಗೆ ಸಿಕ್ಕಿಬಿದ್ದೆ. ಬಿಡಿಸಿಕೊಳ್ಳಬಹುದು ಎಂದುಕೊಂಡು ಟ್ಯಾಪ್ ಮಾಡಲು (ಸೋತೆ ಎಂದು ತಟ್ಟಿ ತಿಳಿಸಲು) ತಡಮಾಡಿದೆ. 'ಟಕ್' ಅಂತ ಸದ್ದಾಯಿತು. ಇನ್ನೂ ಮೊಣಕೈ ಪೂರ್ತಿ ಚಾಚಲು ಆಗುತ್ತಿಲ್ಲ. ಅಂದಿನಿಂದ ಮನೆಯಲ್ಲಿ ಮಾತು ಶುರುವಾಗಿದೆ. 'ಕತ್ತು ಹಿಸುಕಿಸಿಕೊಂಡರೆ ಮೆದುಳು ಹಾಳಾಗುತ್ತೆ, ಬಿಟ್ಟುಬಿಡಿ' ಎಂದು ಹೆಂಡತಿ ಹೇಳುತ್ತಾಳೆ. ಇತ್ತ ಕ್ಲಾಸಿನ ಗೆಳೆಯನೊಬ್ಬ, 'ನೀನು ಹಗುರ, ನಿನಗೆ ಹೀಲ್ ಹುಕ್ಕೇ (ಹಿಮ್ಮಡಿ ಹಿಡಿದು ತಿರುಚುವ ಪಟ್ಟು) ಸರಿ, ವಿಡಿಯೊ ನೋಡಿ ಕಲಿ' ಎನ್ನುತ್ತಾನೆ. ನಾನೇನು ಮಾಡಲಿ? ಸಬ್ಮಿಷನ್ (ಎದುರಾಳಿ ಸೋಲೊಪ್ಪುವಂತೆ ಮಾಡುವ ಪಟ್ಟು) ಬಿಟ್ಟು ಬೇರೇನಾದರೂ ಕಲಿಯಬೇಕಾ? ಇಲ್ಲ, ಇದು ನನ್ನ ಮೈಗೆ ಒಗ್ಗುವ ಆಟವೇ ಅಲ್ವಾ?

ಉತ್ತರ: ಮೊದಲು ಮೊಣಕೈ ವಿಷಯ. ಉಳಿದದ್ದೆಲ್ಲ ಆಮೇಲೆ.

3 ವಾರ ಕಳೆದರೂ ಕೈ ಪೂರ್ತಿ ಚಾಚಲು ಆಗುತ್ತಿಲ್ಲ ಎಂದರೆ, 'ಉಳುಕಿದೆ, ತಾನಾಗಿ ಸರಿಹೋಗುತ್ತದೆ' ಎಂದು ಬಿಡಬೇಡಿ. ಈ ವಾರವೇ ಮೂಳೆ ಡಾಕ್ಟರಿಗೆ ತೋರಿಸಿ. ಆರ್ಮ್‌ಬಾರ್‌ನಲ್ಲಿ ಮೊಣಕೈ ತನ್ನ ಮಿತಿ ದಾಟಿ ಹಿಂದಕ್ಕೆ ಬಾಗುತ್ತದೆ. ಆಗ ಕೀಲಿನ ಮುಂಭಾಗದ ಪೊರೆಯೂ ಒಳಬದಿಯ ಲಿಗಮೆಂಟೂ ಹಿಗ್ಗುತ್ತವೆ, ಕೆಲವೊಮ್ಮೆ ಹರಿಯುತ್ತವೆ. ಸದ್ದು ಬಂದ ಮಾತ್ರಕ್ಕೆ ಹರಿದಿದೆ ಎಂದೇನೂ ಅಲ್ಲ. ಆದರೆ ಸದ್ದೂ ಬಂದಿದೆ, ಇಷ್ಟು ದಿನದ ಬಿಗಿತವೂ ಇದೆ, ಹಾಗಾಗಿ ಪರೀಕ್ಷೆ ಬೇಕೇ ಬೇಕು. ಕಿರುಬೆರಳಲ್ಲಿ, ಉಂಗುರದ ಬೆರಳಲ್ಲಿ ಜುಮುಜುಮು ಅನಿಸುತ್ತಿದ್ದರೆ ಅದನ್ನೂ ಹೇಳಿ. ಮೊಣಕೈ ಒಳಬದಿಯಲ್ಲಿ ಹಾದುಹೋಗುವ ನರಕ್ಕೆ ಪೆಟ್ಟಾಗಿರಬಹುದು. ಡಾಕ್ಟರು ಸರಿ ಅನ್ನುವವರೆಗೆ ರೋಲ್ ಬೇಡ. 'ಒಂದ್ಸಲ ಎಳೆದು ನೆಟ್ಟಗೆ ಮಾಡ್ತೀನಿ' ಎನ್ನುವವರ ಕೈಗೆ ನಿಮ್ಮ ಕೈ ಕೊಡಲೇಬೇಡಿ.

ಇನ್ನು ನಿಮ್ಮ ಪತ್ರ. ಮೇಲ್ನೋಟಕ್ಕೆ ಅದರಲ್ಲಿ ನಾಲ್ಕು ಪ್ರಶ್ನೆಗಳಿವೆ: ಪಟ್ಟು ಯಾಕೆ ಕೂರುತ್ತಿಲ್ಲ, ಗಾಯ ಯಾಕಾಯಿತು, ಚೋಕ್‌ನಿಂದ ಮೆದುಳಿಗೆ ತೊಂದರೆಯಾ, ಹೀಲ್ ಹುಕ್ ಕಲಿಯಬೇಕಾ. ನನ್ನ ಕಣ್ಣಿಗೆ ಮೊದಲ ಎರಡರ ಬೇರು ಒಂದೇ. ನೀವು ಪಟ್ಟಿನ ಕೊನೆಯನ್ನು ಕಲಿತಿದ್ದೀರಿ, ಅದಕ್ಕೆ ಮುಂಚಿನದನ್ನು ಇನ್ನೂ ಕಲಿತಿಲ್ಲ. ಹಾಕುವಾಗಲೂ ಹಾಗೆಯೇ ಆಗುತ್ತಿದೆ, ಸಿಕ್ಕಿಬೀಳುವಾಗಲೂ ಹಾಗೆಯೇ ಆಗುತ್ತಿದೆ. ಇದು ನಿಮ್ಮೊಬ್ಬರ ತಪ್ಪಲ್ಲ. ಕ್ಲಾಸುಗಳಲ್ಲಿ ತೋರಿಸುವ ರೀತಿಯೇ ಬಹಳ ಕಡೆ ಹಾಗಿದೆ. ಒಂದು ದಿನಕ್ಕೆ ಒಂದು ಸಬ್ಮಿಷನ್ ತೋರಿಸಿ, ಹತ್ತು ಸಲ ಮಾಡಿಸಿ, ಮುಂದಿನ ಕ್ಲಾಸಿಗೆ ಇನ್ನೊಂದಕ್ಕೆ ಹೋಗಿಬಿಡುತ್ತಾರೆ. ನಾನೂ ಕಲಿಸಲು ಶುರು ಮಾಡಿದ ಮೊದಲ ವರ್ಷಗಳಲ್ಲಿ ಹೀಗೆಯೇ ಮಾಡುತ್ತಿದ್ದೆ.

ಯಾಕೆ ಕೂರುತ್ತಿಲ್ಲ

ಜೊತೆಗಾರ ಸುಮ್ನೆ ಮಲಗಿದ್ದಾಗ ಅವರು ನಿಮಗೆ ಎರಡು ವಸ್ತು ಪುಕ್ಕಟೆ ಕೊಡುತ್ತಿರುತ್ತಾರೆ. ಒಂದು, ಅವರ ಬೆನ್ನು ಬಾಗಿರುತ್ತದೆ ಅಥವಾ ನೆಲಕ್ಕೆ ಅಂಟಿರುತ್ತದೆ. ಎರಡು, ನಿಮಗೆ ಬೇಕಾದ ಕೈ ಅವರ ಮೈಯಿಂದ ದೂರ ಬಂದಿರುತ್ತದೆ. ರೋಲ್‌ನಲ್ಲಿ ಈ ಎರಡನ್ನೂ ಅವರು ಬಚ್ಚಿಡುತ್ತಾರೆ. ಮೊಣಕೈ ಪಕ್ಕೆಗೆ ಅಂಟಿಕೊಂಡಿರುತ್ತದೆ, ಬೆನ್ನು ನೆಟ್ಟಗಿರುತ್ತದೆ. ನೀವು ಮಾತ್ರ ಅದೇ ಹಿಡಿತಕ್ಕೆ ಕೈ ಹಾಕಿ ಎಳೆಯುತ್ತೀರಿ. ಅವರ ಇಡೀ ಮೈಯ ವಿರುದ್ಧ ನಿಮ್ಮ ಎರಡು ತೋಳು. 61 ಕೆಜಿಯವರು ಅದರಲ್ಲಿ ಸೋಲಲೇಬೇಕು. 2 ನಿಮಿಷಕ್ಕೆ ಕೈ ಸೋಲುವುದು ಇದೇ ಕಾರಣಕ್ಕೆ, ನಿಮ್ಮ ಕಸುವು ಕಡಿಮೆ ಅಂತಲ್ಲ.

ಆರ್ಮ್‌ಬಾರನ್ನೇ ನೋಡಿ. ಮಂಡಿಗಳನ್ನು ಒತ್ತಿ ಭುಜವನ್ನು ಅಲ್ಲಾಡದಂತೆ ಹಿಡಿಯುವುದೇ ಅದರ ಜೀವ, ಕೈ ಎಳೆಯುವುದು ಅದರಲ್ಲಿ ಚಿಕ್ಕ ಭಾಗ. ಎದುರಾಳಿಯ ಮೊಣಕೈ ನಿಮ್ಮ ಸೊಂಟದ ಗೆರೆ ದಾಟಿ ನಿಮ್ಮ ಎದೆಯ ಕಡೆ ಇರಬೇಕು. ಅದು ವಾಪಸ್ ಸೊಂಟದಿಂದ ಕೆಳಕ್ಕೆ ಜಾರಿತೋ, ಪಟ್ಟು ಅಲ್ಲಿಗೆ ಸತ್ತಿತು. ಆಮೇಲೆ ಎಷ್ಟು ಎಳೆದರೂ ದಂಡ. ಅವರ ಹೆಬ್ಬೆರಳು ಮೇಲೆ ನೋಡುತ್ತಿರಬೇಕು, ಮಣಿಕಟ್ಟು ನಿಮ್ಮ ಎದೆಗೆ ಅಂಟಿರಬೇಕು, ಎರಡೂ ಮಂಡಿ ಒಂದಕ್ಕೊಂದು ಹತ್ತಿರ ಇರಬೇಕು. ಇಷ್ಟು ಆದ ಮೇಲೆ ಸೊಂಟವನ್ನು ಮೆಲ್ಲಗೆ ಎತ್ತಿದರೆ ಸಾಕು. ಕೈಯಿಂದ ಎಳೆಯುವುದೇ ಬೇಕಿಲ್ಲ. ಹೊಸಬರನ್ನು ನೋಡಿ, ಮಂಡಿ ಬಾಯಿ ತೆರೆದಿರುತ್ತದೆ. ಆ ಸಂದಿಯಲ್ಲೇ ಭುಜ ತಿರುಗಿಸಿ ಎದುರಾಳಿ ಆಚೆ ಬರುತ್ತಾನೆ.

ಟ್ರಯಾಂಗಲ್ ಹಗುರ ಮೈಯವರಿಗೆ ಒಗ್ಗುವ ಪಟ್ಟು, ಆದರೆ ಅದರಲ್ಲೂ ಇದೇ ಕಥೆ. ನಿಮ್ಮ ಕಾಲುಗಳ ನಡುವೆ ಅವರ ಕತ್ತು, ಒಂದು ಕೈ. ಕತ್ತಿನ ಒಂದು ಬದಿಯನ್ನು ನಿಮ್ಮ ತೊಡೆ ಒತ್ತುತ್ತದೆ, ಇನ್ನೊಂದು ಬದಿಯನ್ನು ಅವರದೇ ಭುಜ ಒತ್ತುತ್ತದೆ. ನೇರ ಎದುರಿಗೆ ಮಲಗಿ ಎಷ್ಟೇ ಹಿಂಡಿದರೂ ಆ ಭುಜ ಕತ್ತಿಗೆ ತಾಗುವುದಿಲ್ಲ. ನೀವು ಪಕ್ಕಕ್ಕೆ ತಿರುಗಿ ಅವರ ಕಿವಿಯನ್ನು ನೋಡುವ ಹಾಗೆ ಮಲಗಬೇಕು. ಆ ತಿರುವು ಸಿಕ್ಕಿದ ಕೂಡಲೇ ಅರ್ಧ ಶಕ್ತಿಗೇ ಟ್ಯಾಪ್ ಬರುತ್ತದೆ. ಕಾಲನ್ನು ಸರಿಪಡಿಸಿಕೊಳ್ಳುವಾಗ ನಿಮ್ಮ ಕಾಲ್ಬೆರಳು ಹಿಡಿದು ಎಳೆಯಬೇಡಿ, ಮೊಣಕಾಲ ಕೆಳಗಿನ ಎಲುಬನ್ನೇ ಹಿಡಿಯಿರಿ. ಕಾಲ್ಬೆರಳು ಎಳೆದು ತಮ್ಮ ಕಣಕಾಲನ್ನು ತಾವೇ ಉಳುಕಿಸಿಕೊಂಡವರನ್ನು ನೋಡಿದ್ದೇನೆ.

ಅಮೆರಿಕಾನಾ, ಕಿಮುರಾ ಎರಡೂ ಮಡಿಸಿದ ತೋಳನ್ನು ತಿರುಚುವ ಪಟ್ಟುಗಳು. ಹಿಡಿತ ಒಂದೇ, ತಿರುಗಿಸುವ ದಿಕ್ಕು ಬೇರೆ. ಅಮೆರಿಕಾನಾದಲ್ಲಿ ಅವರ ಅಂಗೈ ಮೇಲಕ್ಕೆ, ಕೈಯ ಹಿಂಭಾಗ ನೆಲಕ್ಕೆ. ನೆಲ ಒರೆಸಿದ ಹಾಗೆ ಅದನ್ನು ಅವರ ಸೊಂಟದ ಕಡೆ ಜಾರಿಸಿ, ಆಮೇಲೆ ಮೊಣಕೈಯನ್ನು ಎತ್ತಬೇಕು. ಕಿಮುರಾದಲ್ಲಿ ಕೈ ಬೆನ್ನ ಹಿಂದಕ್ಕೆ ಹೋಗುತ್ತದೆ. ಎರಡರಲ್ಲೂ ಪೆಟ್ಟು ಬೀಳುವುದು ಮುಖ್ಯವಾಗಿ ಭುಜಕ್ಕೆ. ನಿಮ್ಮ ತೂಕಕ್ಕೆ, ಭಾರದವರ ಮೇಲೆ ಕೂತು ಅಮೆರಿಕಾನಾ ಮಾಡುವುದು ಕಷ್ಟ. ಅವರ ಕೈಯ ಬಲ ನೇರ ನಿಮ್ಮ ಕೈಯ ಬಲಕ್ಕೆ ಎದುರಾಗುತ್ತದೆ. ಅದನ್ನು ತಿಳಿದಿರಿ, ಆದರೆ ಸದ್ಯಕ್ಕೆ ಅದಕ್ಕೆ ಬೆವರು ಸುರಿಸಬೇಡಿ.

ಗಿಲೊಟಿನ್, ಅಂದರೆ ಎದುರಿನಿಂದ ಕತ್ತಿಗೆ ತೋಳು ಸುತ್ತಿ ಬಿಗಿಯುವ ಚೋಕ್, ಅದರ ಬಗ್ಗೆ ಒಂದೇ ಮಾತು. ಎದುರಾಳಿ ನಿಮ್ಮ ಕಾಲು ದಾಟಿ ಪಕ್ಕಕ್ಕೆ ಬಂದ ಮೇಲೂ ಕತ್ತು ಬಿಡದೆ ಹಿಡಿದುಕೊಂಡಿದ್ದರೆ, ಅವರು ತಮ್ಮ ಭುಜವನ್ನು ನಿಮ್ಮ ಕತ್ತಿಗೆ ಇಳಿಸಿ ನಿಮಗೇ ಚೋಕ್ ಹಾಕುತ್ತಾರೆ. ದಾಟಿದರೆ ಬಿಟ್ಟುಬಿಡಿ.

ಬೆನ್ನ ಹಿಂದಿನ ಚೋಕ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಿಮಗೆ ನಾನು ಹೇಳುವ ಮೊದಲ ಪಟ್ಟು ಇದೇ. ಬ್ರೆಜಿಲ್‌ನಲ್ಲಿ ಇದಕ್ಕೆ 'ಸಿಂಹವನ್ನು ಕೊಲ್ಲುವುದು' ಎಂಬ ಅರ್ಥದ ಹೆಸರಿದೆ. ಬೆನ್ನ ಮೇಲೆ ಸೇರಿಕೊಂಡವರ ಮುಂದೆ ಎದುರಾಳಿಯ ತೂಕ, ಕೈಯ ಬಲ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಅವರು ನಿಮ್ಮನ್ನು ತಳ್ಳಲಾರರು, ನಿಮ್ಮ ಮೇಲೆ ಭಾರ ಹಾಕುವುದೂ ಸುಲಭವಲ್ಲ. ನಿಮ್ಮ ಒಂದು ಕೈ ಅವರ ಭುಜದ ಮೇಲಿಂದ, ಇನ್ನೊಂದು ಕಂಕುಳ ಕೆಳಗಿಂದ ಬಂದು ಎದೆಯ ಮೇಲೆ ಸೇರಬೇಕು. ಕಾರಿನ ಸೀಟ್ ಬೆಲ್ಟ್ ಹಾಗೆ. ಎರಡೂ ಹಿಮ್ಮಡಿ ಅವರ ತೊಡೆಯ ಒಳಬದಿಗೆ. ನಿಮ್ಮ ಎದೆ ಅವರ ಬೆನ್ನಿಗೆ ಅಂಟಿರಲಿ, ನಡುವೆ ಗಾಳಿ ಆಡಬಾರದು. ಇಷ್ಟರಲ್ಲೇ 1 ನಿಮಿಷ ಇರಲು ಬಂದರೆ ಮುಕ್ಕಾಲು ಕೆಲಸ ಮುಗಿಯಿತು. ಚೋಕ್ ಎಂದರೆ ಆಮೇಲೆ ನಡೆಯುವ ಕೈ-ಕೈ ಜಗಳ ಮಾತ್ರ. ಮೇಲಿನ ಕೈಯ ಮೊಣಕೈ ಮಡಿಕೆ ಅವರ ಗಂಟಲಿನ ನೇರಕ್ಕೆ ಬರಬೇಕು. ಆ ಕೈ ನಿಮ್ಮ ಇನ್ನೊಂದು ತೋಳನ್ನು ಹಿಡಿಯಬೇಕು, ಇನ್ನೊಂದು ಅಂಗೈ ಅವರ ತಲೆಯ ಹಿಂದೆ ಹೋಗಬೇಕು. ಅವರು ಗಲ್ಲ ಎದೆಗೆ ಒತ್ತಿಕೊಂಡರೆ ದವಡೆಯ ಮೇಲೆ ಹಿಂಡಬೇಡಿ. ಅದರಿಂದ ನೋವು ಮಾತ್ರ ಕೊಟ್ಟ ಹಾಗಾಗುತ್ತದೆ, ಜೊತೆಗಾರರ ದವಡೆಗೂ ಪೆಟ್ಟು. ಕಾಯಿರಿ. ಉಸಿರು ಬೇಕಾದಾಗಲೋ ತಿರುಗಲು ಹೋದಾಗಲೋ ಗಲ್ಲ ಎದ್ದೇ ಏಳುತ್ತದೆ.

1993ರ ನವೆಂಬರ್‌ನಲ್ಲಿ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ (ಬೇರೆ ಬೇರೆ ಕಾದಾಟದ ಕಲೆಯವರು ಸೆಣಸುವ ಪಂದ್ಯಾವಳಿ) ನಡೆಯಿತು. ಸುಮಾರು 80 ಕೆಜಿಯ ಜಿಯು-ಜಿಟ್ಸು ಪಟು ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದರು. ಫೈನಲ್‌ನಲ್ಲಿ ಗೆದ್ದದ್ದು ಇದೇ ಬೆನ್ನ ಹಿಂದಿನ ಚೋಕ್‌ನಿಂದ. 'ಸಣ್ಣವನು ಕತ್ತು ಹಿಸುಕಿ ಗೆದ್ದ' ಎಂದು ಜನ ಕಥೆ ಹೇಳುತ್ತಾರೆ. ಆ ಪಂದ್ಯಗಳನ್ನು ಮತ್ತೆ ನೋಡಿ. ಮೊದಲು ಹತ್ತಿರ ನುಗ್ಗಿ ಅಪ್ಪಿಕೊಳ್ಳುತ್ತಾರೆ, ನೆಲಕ್ಕೆ ತರುತ್ತಾರೆ, ಜಾಗ ಹಿಡಿಯುತ್ತಾರೆ. ಕತ್ತಿಗೆ ಕೈ ಹೋಗುವುದು ಆಮೇಲೆ.

ಟ್ಯಾಪ್ ಯಾವಾಗ

ಈಗ ನಿಮ್ಮ ಗಾಯದ ಕಾರಣ. 'ನೋವಾದರೆ ಟ್ಯಾಪ್ ಮಾಡಿದರಾಯಿತು' ಎಂಬ ನಂಬಿಕೆ ಹೊಸಬರಲ್ಲಿ ತುಂಬ ಇದೆ. ಮೈ ಬಿಸಿಯಾಗಿರುವಾಗ, ಹಟ ಏರಿರುವಾಗ ನೋವು ತಡವಾಗಿ ಬರುತ್ತದೆ. ಕೀಲಿನ ಪಟ್ಟಿನಲ್ಲಿ 'ನೋವು ಶುರುವಾಯಿತು' ಎನ್ನುವುದಕ್ಕೂ 'ಹರಿಯಿತು' ಎನ್ನುವುದಕ್ಕೂ ನಡುವೆ ಕೆಲವೊಮ್ಮೆ ಅರ್ಧ ಸೆಕೆಂಡೂ ಇರುವುದಿಲ್ಲ. ಹಾಗಾಗಿ ನಾನು ಕಲಿಸುವ ನಿಯಮ ಬೇರೆ. ಕೈ ನೆಟ್ಟಗಾಗುತ್ತಿದೆ, ಭುಜ ಅಲ್ಲಾಡಿಸಲು ಆಗುತ್ತಿಲ್ಲ ಎಂದು ಗೊತ್ತಾದ ಕೂಡಲೇ ಟ್ಯಾಪ್ ಮಾಡಿ. ನೋವಿಗೆ ಕಾಯಬೇಡಿ. ಜೊತೆಗಾರರ ಮೈಗೇ ತಟ್ಟಿ, ಅವರಿಗೆ ತಿಳಿಯುವ ಹಾಗೆ ಎರಡು ಮೂರು ಸಲ. ಕೈ ಸಿಕ್ಕಿಕೊಂಡಿದ್ದರೆ ಕಾಲಿಂದ ನೆಲಕ್ಕೆ ಬಡಿಯಿರಿ, ಅದೂ ಆಗದಿದ್ದರೆ 'ಟ್ಯಾಪ್' ಎಂದು ಜೋರಾಗಿ ಕೂಗಿ.

ಕಿಮುರಾ ಎಂಬ ಹೆಸರು ಎಲ್ಲಿಂದ ಬಂತು ಗೊತ್ತಾ? 1951ರ ಅಕ್ಟೋಬರ್‌ನಲ್ಲಿ ರಿಯೊ ಡಿ ಜನೈರೊದ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಜೂಡೊ ಪಟು ಮಸಾಹಿಕೊ ಕಿಮುರಾ ಮತ್ತು ಬ್ರೆಜಿಲಿಯನ್ ಜಿಯು-ಜಿಟ್ಸು ಕಟ್ಟಿದವರಲ್ಲಿ ಒಬ್ಬರಾದ ಎಲಿಯೊ ಗ್ರೇಸಿ ಸೆಣಸಿದರು. ಕಿಮುರಾ ಈ ಪಟ್ಟಿನಲ್ಲಿ ಕೈ ಹಿಡಿದರು. ಎಲಿಯೊ ಟ್ಯಾಪ್ ಮಾಡಲಿಲ್ಲ. ಕೈ ಮುರಿಯಿತು. ಕೊನೆಗೆ ಅವರ ಕಡೆಯವರೇ ಟವೆಲ್ ಎಸೆದು ಪಂದ್ಯ ನಿಲ್ಲಿಸಿದರು. ಗೆದ್ದವರ ಹೆಸರೇ ಪಟ್ಟಿಗೆ ಉಳಿಯಿತು. ಇದನ್ನು ಛಲದ ಕಥೆಯಾಗಿ ಹೇಳುವವರು ಬಹಳ. ನನ್ನ ಹೊಸ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ: ಅಷ್ಟು ಬಲ್ಲವರ ಕೈಯೂ ಮುರಿಯಿತು. ಅದು ಸಾವಿರಾರು ಜನರ ಮುಂದೆ ನಡೆದ ಪಂದ್ಯ. ನಿಮ್ಮದು ವಾರದ ನಡುವಿನ ಒಂದು ಕ್ಲಾಸ್.

ನಾನು ನೀಲಿ ಬೆಲ್ಟ್ (ಬಿಳಿಯ ನಂತರದ ಹಂತ) ಆಗಿದ್ದಾಗ ಇದೇ ಕಿಮುರಾಕ್ಕೆ ಟ್ಯಾಪ್ ಮಾಡಲು ತಡಮಾಡಿದೆ. ಎಡ ಭುಜ. ಹಿಡಿದವರ ತಪ್ಪು ಏನೂ ಇರಲಿಲ್ಲ, ಅವರು ನಿಧಾನವಾಗೇ ತಿರುಗಿಸುತ್ತಿದ್ದರು. ಇನ್ನೂ ಸ್ವಲ್ಪ ತಡೆಯುತ್ತೇನೆ ಎಂದುಕೊಂಡವಳು ನಾನು. 5 ತಿಂಗಳು ಮ್ಯಾಟ್ ಹತ್ತಲಿಲ್ಲ. ಚಳಿ ಇದ್ದ ದಿನ ಈಗಲೂ ಆ ಭುಜ ನೆನಪಿಸುತ್ತದೆ. ಒಂದು ಟ್ಯಾಪ್ ಉಳಿಸಿಕೊಳ್ಳಲು ಹೋಗಿ 5 ತಿಂಗಳ ಕಲಿಕೆ ಕಳೆದುಕೊಂಡೆ. ಹಾಗಾಗಿ ನಿಮ್ಮ ಪತ್ರದಲ್ಲಿ 'ಬಿಡಿಸಿಕೊಳ್ಳಬಹುದು ಎಂದುಕೊಂಡು' ಎಂಬ ಮಾತು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಇದರ ಇನ್ನೊಂದು ಮುಖವೂ ಇದೆ. ನೀವು ಪಟ್ಟು ಹಾಕುವಾಗ ಸಿಕ್ಕಿಸುವುದು ಬೇಗ ಇರಲಿ, ಮುಗಿಸುವುದು ನಿಧಾನ ಇರಲಿ. ಕೊನೆಯ ಒತ್ತಡವನ್ನು ಮನಸ್ಸಿನಲ್ಲೇ 3 ಎಣಿಸುತ್ತಾ ಕೊಡಿ. ಗಕ್ಕನೆ ಜಗ್ಗಬೇಡಿ. ಎದುರಿನವರು ಹೊಸಬರಾಗಿದ್ದು ಟ್ಯಾಪ್ ಮಾಡಲು ಮರೆತಿದ್ದಾರೆ ಅನಿಸಿದರೆ, ನೀವೇ ಬಿಟ್ಟು 'ಇದು ಸಿಕ್ಕಿತ್ತು' ಎಂದು ಹೇಳಿ. ಅವರಿಗೂ ಕಲಿಕೆ, ನಿಮಗೂ ಒಬ್ಬ ಜೊತೆಗಾರ ಉಳಿಯುತ್ತಾರೆ.

ಮನೆಯವರ ಭಯದಲ್ಲಿ ಎಷ್ಟು ನಿಜ

'ಪ್ರತಿ ಚೋಕ್‌ಗೂ ಮೆದುಳಿನ ಜೀವಕೋಶ ಸಾಯುತ್ತದೆ' ಎಂಬ ಮಾತು ನಾನೂ ಕೇಳಿದ್ದೇನೆ. ಅದು ಹಾಗಿಲ್ಲ. ಆದರೆ 'ಏನೂ ಆಗಲ್ಲ, ಸುಮ್ನಿರಿ' ಎಂದು ಕ್ಲಾಸಿನಲ್ಲಿ ಹೇಳುವುದೂ ಪೂರ್ತಿ ಸರಿಯಲ್ಲ. ಎರಡನ್ನೂ ಬಿಡಿಸಿ ಹೇಳುತ್ತೇನೆ, ಮನೆಯಲ್ಲೂ ಓದಿ ಹೇಳಿ.

ಕತ್ತಿನ ಎರಡು ಬದಿಯಲ್ಲಿ ಮೆದುಳಿಗೆ ರಕ್ತ ಒಯ್ಯುವ ಎರಡು ದೊಡ್ಡ ನಾಳಗಳಿವೆ. ಸರಿಯಾಗಿ ಹಾಕಿದ ಚೋಕ್ ಒತ್ತುವುದು ಇವನ್ನು, ಉಸಿರಿನ ಕೊಳವೆಯನ್ನಲ್ಲ. ಪೂರ್ತಿ ಕೂತ ಚೋಕನ್ನು ಬಿಡದೆ ಹಿಡಿದರೆ ಸುಮಾರು 10 ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಬಿಟ್ಟ ಮೇಲೆ ಸಾಮಾನ್ಯವಾಗಿ ಅರ್ಧ ನಿಮಿಷದೊಳಗೆ ಎಚ್ಚರ ಬರುತ್ತದೆ. ರಕ್ತ ಸಿಗದೆ ಮೆದುಳಿಗೆ ಉಳಿದುಹೋಗುವಂಥ ಹಾನಿಯಾಗಬೇಕಾದರೆ ಅದು ನಿಮಿಷಗಟ್ಟಲೆ ನಿಲ್ಲಬೇಕು. ಕ್ಲಾಸಿನಲ್ಲಿ ನೀವು ಟ್ಯಾಪ್ ಮಾಡುವುದು ಮೂರು ನಾಲ್ಕು ಸೆಕೆಂಡಿಗೆ, ಪ್ರಜ್ಞೆ ತಪ್ಪುವುದಕ್ಕೂ ಎಷ್ಟೋ ಮುಂಚೆ. ಇದು ನಿನ್ನೆ ಮೊನ್ನೆ ಶುರುವಾದ ಅಭ್ಯಾಸವೂ ಅಲ್ಲ. ಜೂಡೊದ ಜನಕ ಜಿಗೊರೊ ಕಾನೊ 1882ರಲ್ಲಿ ಕೊಡೊಕಾನ್ ಎಂಬ ಶಾಲೆ ಸ್ಥಾಪಿಸಿದರು. ಅಲ್ಲಿಂದ ಬೆಳೆದ ಜೂಡೊದಲ್ಲಿ ಇಂದಿಗೂ ಕತ್ತು ಬಿಗಿಯುವ ಪಟ್ಟುಗಳು ಪಂದ್ಯದ ಭಾಗ.

ಇನ್ನು ಎಚ್ಚರಿಕೆ ಬೇಕಾದ ಭಾಗ. ಅಪರೂಪಕ್ಕೆ ಕತ್ತಿನ ರಕ್ತನಾಳದ ಒಳಪದರ ಸೀಳಿ, ಅಲ್ಲಿ ರಕ್ತ ಹೆಪ್ಪುಗಟ್ಟಿ, ಪಾರ್ಶ್ವವಾಯು ಆದ ಪ್ರಸಂಗಗಳನ್ನು ವೈದ್ಯರು ದಾಖಲಿಸಿದ್ದಾರೆ. ತೀರಾ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನಲಾಗದು. ಚೋಕ್ ಅಥವಾ ಕತ್ತು ತಿರುಚಿದ ಮೇಲೆ, ಅದೇ ದಿನವಾಗಲಿ ಕೆಲವು ದಿನ ಬಿಟ್ಟಾಗಲಿ, ಕತ್ತಿನ ಒಂದೇ ಬದಿ ಹಿಂದೆಂದೂ ಇಲ್ಲದ ನೋವು, ಜೋರು ತಲೆನೋವು, ದೃಷ್ಟಿ ಮಂಜು, ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು, ಒಂದು ಬದಿ ಕೈಕಾಲು ಸೋಲುವುದು, ಇವುಗಳಲ್ಲಿ ಯಾವುದು ಕಂಡರೂ ನಾಳೆ ನೋಡೋಣ ಎನ್ನಬೇಡಿ. ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಕತ್ತಿಗೆ ಏನಾಯಿತು ಎಂದು ಬಾಯಿಬಿಟ್ಟು ಹೇಳಿ. ಬಿಪಿ ಜಾಸ್ತಿ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಹಿಂದೆ ಪಾರ್ಶ್ವವಾಯು ಆದವರು ಡಾಕ್ಟರನ್ನು ಕೇಳದೆ ಚೋಕ್ ಅಭ್ಯಾಸಕ್ಕೆ ಇಳಿಯಬಾರದು.

ಗಂಟಲಿನ ಮುಂಭಾಗಕ್ಕೆ ಮುಂಗೈಯ ಎಲುಬು ಒತ್ತಿ ಕೆಮ್ಮು ಬರುತ್ತಿದ್ದರೆ ಅದು ತಪ್ಪಾಗಿ ಕೂತ ಚೋಕ್. ಆಗ ರಕ್ತನಾಳದ ಬದಲು ಉಸಿರಿನ ಕೊಳವೆ ಒತ್ತುತ್ತಿದೆ. ಕೂಡಲೇ ಟ್ಯಾಪ್ ಮಾಡಿ. ಎಷ್ಟು ಹೊತ್ತು ತಡೆಯಬಲ್ಲೆ ಎಂಬ ಪರೀಕ್ಷೆ ಬೇಡ. ಪ್ರಜ್ಞೆ ತಪ್ಪುವವರೆಗೆ ತಡೆಯುವುದನ್ನು ಗಟ್ಟಿತನ ಎಂದು ಹೊಗಳುವ ಕ್ಲಾಸ್ ಆಗಿದ್ದರೆ, ಆ ಕ್ಲಾಸನ್ನೇ ಬಿಡಿ. ಯಾರಿಗಾದರೂ ಪ್ರಜ್ಞೆ ತಪ್ಪಿದರೆ ಹಿಡಿತ ಬಿಟ್ಟು, ಸಮತಟ್ಟಾಗಿ ಮಲಗಿಸಿ, ಉಸಿರು ನೋಡಿ. ನೀರು ಕುಡಿಸಬೇಡಿ. ಎಚ್ಚರವಾದರೂ ಆ ದಿನ ಮತ್ತೆ ರೋಲ್ ಬೇಡ. ಅರ್ಧ ನಿಮಿಷಕ್ಕೂ ಎಚ್ಚರವಾಗದಿದ್ದರೆ ಆಂಬುಲೆನ್ಸ್ ಕರೆಸಿ.

ಹೀಲ್ ಹುಕ್: ಈಗಲ್ಲ

ನಿಮ್ಮ ಗೆಳೆಯನ ಮಾತಿನಲ್ಲಿ ಅರ್ಧ ನಿಜವಿದೆ. ಕಾಲಿನ ಪಟ್ಟುಗಳಲ್ಲಿ ತೂಕದ ವ್ಯತ್ಯಾಸ ಸ್ವಲ್ಪ ಕಡಿಮೆಯಾಗುವುದು ಹೌದು. ಆದರೆ ಹೀಲ್ ಹುಕ್‌ನಲ್ಲಿ ಹಿಡಿಯುವುದು ಹಿಮ್ಮಡಿಯನ್ನು, ಹಾಳಾಗುವುದು ಮಂಡಿ. ಹಿಮ್ಮಡಿ ತಿರುಗಿಸಿದಾಗ ಮೊಣಕಾಲ ಕೆಳಗಿನ ಎಲುಬು ತಿರುಗುತ್ತದೆ, ಮೇಲಿನದು ನಿಂತಲ್ಲೇ ನಿಂತಿರುತ್ತದೆ. ನಡುವೆ ಇರುವ ಲಿಗಮೆಂಟ್, ಮಂಡಿಯೊಳಗಿನ ಮೆತ್ತೆ ಆ ತಿರುಚನ್ನು ತಿನ್ನುತ್ತವೆ. ಆರ್ಮ್‌ಬಾರ್‌ನಲ್ಲಿ ಸ್ವಲ್ಪವಾದರೂ ಮೊದಲೇ ಎಚ್ಚರಿಸುವ ನೋವು ಇರುತ್ತದೆ, ಇಲ್ಲಿ ಅದೂ ಇರುವುದಿಲ್ಲ. ನೋವು ಗೊತ್ತಾಗುವ ಹೊತ್ತಿಗೆ ಹರಿದಿರಬಹುದು. ಮೊಣಕೈಗೇ ಟ್ಯಾಪ್ ತಡವಾದವರು ನೀವು, ಬೇಸರ ಮಾಡಿಕೊಳ್ಳಬೇಡಿ, ಇಲ್ಲಿ ತಡವಾದರೆ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು.

ಪಂದ್ಯದ ನಿಯಮ ಮಾಡುವವರೂ ಇದನ್ನು ಬಲ್ಲರು. ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ ಐಬಿಜೆಜೆಎಫ್ ನಿಯಮದಲ್ಲಿ ಬಿಳಿ ಬೆಲ್ಟಿನ (ಮೊದಲ ಹಂತದ) ವಯಸ್ಕರಿಗೆ ಕಾಲಿನ ಪಟ್ಟುಗಳಲ್ಲಿ ಕಣಕಾಲಿಗೆ ಹಾಕುವ ನೇರ ಆಂಕಲ್ ಲಾಕ್‌ಗೆ ಅವಕಾಶವಿದೆ. ಮಂಡಿ ನೆಟ್ಟಗೆ ಮಾಡುವ ನೀ ಬಾರ್, ಪಾದ ತಿರುಚುವ ಟೋ ಹೋಲ್ಡ್ ಮೇಲಿನ ಹಂತದ ಕಂದು ಮತ್ತು ಕಪ್ಪು ಬೆಲ್ಟಿಗೆ ಮಾತ್ರ. ಹೀಲ್ ಹುಕ್ಕಿಗೆ ಅವಕಾಶ ಸಿಕ್ಕಿದ್ದೇ 2021ರಲ್ಲಿ. ಅದೂ ಗೀ (ಜೂಡೊದವರಂಥ ದಪ್ಪ ಉಡುಪು) ಹಾಕದ ಪಂದ್ಯದಲ್ಲಿ, ಕಂದು ಮತ್ತು ಕಪ್ಪು ಬೆಲ್ಟಿನ ವಯಸ್ಕರಿಗೆ.

ಹಾಗಂತ ಕಣ್ಣು ಮುಚ್ಚಿಕೊಳ್ಳಿ ಎನ್ನುತ್ತಿಲ್ಲ. ನಿಮ್ಮ ಕ್ಲಾಸಿನಲ್ಲಿ ಗೀ ಇಲ್ಲದೆ ಆಡುವವರು ಇದನ್ನು ಹಾಕುತ್ತಾರಾದರೆ, ಅದು ಬರುವ ದಾರಿಯನ್ನು ಗುರುತಿಸಲು ಕೋಚ್ ಹತ್ತಿರ ಕಲಿಯಿರಿ. ಕಾಲು ಎಲ್ಲಿ ಸಿಕ್ಕಿಕೊಂಡಿದೆ, ಹಿಮ್ಮಡಿ ಹೇಗೆ ಬಚ್ಚಿಡಬೇಕು, ಯಾವ ಕಡೆ ತಿರುಗಬಾರದು, ಇಷ್ಟು ಸಾಕು. ಹಿಮ್ಮಡಿ ಸಿಕ್ಕಿತು ಎಂದರೆ ಅಲ್ಲೇ ಟ್ಯಾಪ್. ಹಾಕುವುದನ್ನು ಈಗ ಕಲಿಯಬೇಡಿ. ವಿಡಿಯೊ ನೋಡುವುದು ತಪ್ಪಲ್ಲ, ನಾನೂ ನೋಡುತ್ತೇನೆ. ವಿಡಿಯೊದಲ್ಲಿ ಎಷ್ಟು ಒತ್ತಡ ಕೊಟ್ಟರು ಎಂಬುದು ಕಾಣುವುದಿಲ್ಲ, ತೊಂದರೆ ಅಲ್ಲೇ ಇದೆ.

ಹಾಗಾದರೆ ಮುಂದೇನು

ನಿಮ್ಮ ಮುಂದೆ ಮೂರು ದಾರಿ ಕಾಣುತ್ತಿವೆ. ಈಗಿನಂತೆಯೇ ಎಲ್ಲ ಸಬ್ಮಿಷನ್ನೂ ಸ್ವಲ್ಪ ಸ್ವಲ್ಪ ಮಾಡುತ್ತಾ ಹೋಗುವುದು ಒಂದು. ಕಾಲ ಕಳೆದಂತೆ ಅದರಿಂದಲೂ ಬರುತ್ತದೆ, ಆದರೆ ನಿಮ್ಮ ತೂಕಕ್ಕೆ ಆ ಕಾಲ ಉದ್ದ, ನಡುವೆ ಗಾಯದ ಭಯ ಬೇರೆ. ಸಬ್ಮಿಷನ್ ಪೂರ್ತಿ ಬಿಟ್ಟು ಬರೀ ತಪ್ಪಿಸಿಕೊಳ್ಳುವುದು, ಜಾಗ ಹಿಡಿಯುವುದು ಕಲಿಯುವುದು ಇನ್ನೊಂದು. ಹಲವು ಹಿರಿಯ ಕೋಚ್‌ಗಳು ಇದನ್ನೇ ಹೇಳುತ್ತಾರೆ, ಅವರ ಮಾತಿಗೆ ತೂಕ ಇದೆ. ನನಗೆ ಮಾತ್ರ ಇದು ಪೂರ್ತಿ ಒಪ್ಪಿಗೆಯಿಲ್ಲ. ಜಾಗ ಯಾಕೆ ಹಿಡಿಯಬೇಕು ಎಂದು ಗೊತ್ತಾಗುವುದೇ ಅಲ್ಲಿಂದ ಏನು ಮಾಡಬಹುದು ಎಂದು ಗೊತ್ತಾದಾಗ. ಅದಿಲ್ಲದೆ ಕಲಿತವರು ಬೆನ್ನ ಮೇಲೆ ಹತ್ತಿ ಅಲ್ಲೇ ಸುಮ್ನೆ ಕೂತಿರುತ್ತಾರೆ. ಬೇಸರ ಬಂದು ಕ್ಲಾಸ್ ಬಿಟ್ಟವರೂ ಇದ್ದಾರೆ.

ನಾನು ಹೇಳುವುದು ಮೂರನೆಯದು. ಎರಡು ಜಾಗ, ಪ್ರತಿ ಜಾಗಕ್ಕೂ ಚಿಕ್ಕ ಗುಂಪು. ಬೆನ್ನ ಹಿಂದಿನಿಂದ ಒಂದೇ ಚೋಕ್. ಕೆಳಗೆ ಮಲಗಿ ಕಾಲುಗಳ ನಡುವೆ ಎದುರಾಳಿಯನ್ನು ಹಿಡಿದಾಗ ಟ್ರಯಾಂಗಲ್ ಮತ್ತು ಆರ್ಮ್‌ಬಾರ್ ಜೋಡಿ. ಇವೆರಡೂ ಅಣ್ಣ ತಮ್ಮ ಇದ್ದ ಹಾಗೆ. ಟ್ರಯಾಂಗಲ್‌ನಿಂದ ಬಿಡಿಸಿಕೊಳ್ಳಲು ಅವರು ಮೈ ನೆಟ್ಟಗೆ ಮಾಡಿದರೆ ಕೈ ಚಾಚಿ ಆರ್ಮ್‌ಬಾರ್‌ಗೆ ಸಿಗುತ್ತದೆ. ಕೈ ಎಳೆದುಕೊಂಡರೆ ಕತ್ತು ಸಿಗುತ್ತದೆ. 4 ತಿಂಗಳು ಇಷ್ಟೇ. ಕ್ಲಾಸಿನಲ್ಲಿ ಬೇರೇನು ತೋರಿಸಿದರೂ ಕಲಿಯಿರಿ, ಆದರೆ ರೋಲ್‌ನಲ್ಲಿ ಹುಡುಕುವುದು ಇವನ್ನೇ. ಇದರ ತೊಂದರೆಯನ್ನೂ ಹೇಳಿಬಿಡುತ್ತೇನೆ: ಎರಡು ವಾರದಲ್ಲಿ ನೀವೇನು ಮಾಡುತ್ತೀರಿ ಎಂದು ಎಲ್ಲರಿಗೂ ಗೊತ್ತಾಗುತ್ತದೆ, ತಡೆಯುತ್ತಾರೆ. ತಡೆಯಲಿ. ತಡೆಯುವ ಜನರ ಮೇಲೆ ಮಾಡಿದರೇ ಕಲಿಕೆ.

ಇನ್ನೊಂದು, ಇದು ಎಲ್ಲಕ್ಕಿಂತ ಮುಖ್ಯ. ಪ್ರತಿ ರೋಲ್ ಅನ್ನೂ ನಿಂತು ಅಥವಾ ಮಂಡಿಯೂರಿ ಶುರು ಮಾಡಬೇಡಿ. ಕ್ಲಾಸ್ ಮುಗಿದ ಮೇಲೆ ಒಬ್ಬ ನಂಬಿಕೆಯ ಜೊತೆಗಾರರನ್ನು 10 ನಿಮಿಷ ಕೇಳಿ. ನೀವು ಅವರ ಬೆನ್ನ ಮೇಲೆ ಇರುವಲ್ಲಿಂದಲೇ ಶುರು. ಅವರ ಕೆಲಸ ತಪ್ಪಿಸಿಕೊಳ್ಳುವುದು, ನಿಮ್ಮ ಕೆಲಸ ಅಂಟಿಕೊಂಡಿರುವುದು. ಮೊದಲ ವಾರ ಚೋಕ್ ಹಾಕಲೇಬೇಡಿ, ಬರೀ ಅಂಟಿಕೊಳ್ಳಿ. ಅವರು ಮೂರನೇ ಒಂದು ಭಾಗ ಬಲ ಮಾತ್ರ ಹಾಕಲಿ. ನಂತರ ಅರ್ಧ, ಆಮೇಲೆ ಪೂರ್ತಿ. ತಪ್ಪಿಸಿಕೊಂಡರೆ ಮತ್ತೆ ಅದೇ ಜಾಗದಿಂದ. ಸಾಮಾನ್ಯ ರೋಲ್‌ನಲ್ಲಿ ಒಂದು ವಾರದಲ್ಲಿ ಒಂದು ಸಲವೂ ಬೆನ್ನು ಸಿಗದಿರಬಹುದು. ಹೀಗೆ ಮಾಡಿದರೆ 10 ನಿಮಿಷಕ್ಕೆ ಹದಿನೈದು ಇಪ್ಪತ್ತು ಸಲ ಸಿಗುತ್ತದೆ. ನಿಮಗೆ ಕೊರತೆ ಇರುವುದು ಇದೇ: ತಡೆಯುವ ಮೈಯ ಮೇಲೆ ಸರಿಯಾದ ಜಾಗದಲ್ಲಿ ಕಳೆದ ಹೊತ್ತು.

ಮೊಣಕೈಗೆ ಡಾಕ್ಟರು ಒಪ್ಪಿದ ಮೇಲೂ ಮೊದಲ ಒಂದು ತಿಂಗಳು ಆ ಕೈಗೆ ಯಾರೂ ಆರ್ಮ್‌ಬಾರ್ ಹಾಕದಂತೆ ನೋಡಿಕೊಳ್ಳಿ. ಪ್ರತಿ ರೋಲ್‌ಗೂ ಮುಂಚೆ 'ಈ ಕೈ ಗಾಯದ್ದು' ಎಂದು ಹೇಳಿ. ಇದರಲ್ಲಿ ಸಂಕೋಚ ಬೇಡ. ಟೇಪ್ ಸುತ್ತಿದ್ದೇನೆ, ಏನಾಗಲ್ಲ ಎಂದುಕೊಳ್ಳಬೇಡಿ. ಪೂರ್ತಿ ಬಿದ್ದ ಆರ್ಮ್‌ಬಾರನ್ನು ಯಾವ ಟೇಪೂ ತಡೆಯದು.

ನಿಮ್ಮ ಮೈಗೆ ಒಗ್ಗುವ ಆಟವೇ ಎಂದು ಕೇಳಿದ್ದೀರಿ. 34 ವಯಸ್ಸೂ ಅಡ್ಡಿಯಲ್ಲ, 61 ಕೆಜಿಯೂ ಅಡ್ಡಿಯಲ್ಲ. ನಾನು 54 ಕೆಜಿ ಇದ್ದೇನೆ, 15 ವರ್ಷದಿಂದ ನನಗಿಂತ ಭಾರದವರ ಜೊತೆಗೇ ಆಡುತ್ತಿದ್ದೇನೆ. ಅವರೆಲ್ಲರನ್ನೂ ಟ್ಯಾಪ್ ಮಾಡಿಸಿದೆ ಎಂದರೆ ಸುಳ್ಳಾಗುತ್ತದೆ. ಆದರೆ ಬೆನ್ನು ಸಿಕ್ಕಿದ ದಿನ ಯಾರ ತೂಕವೂ ನನಗೆ ಲೆಕ್ಕಕ್ಕೆ ಬಂದಿಲ್ಲ.

ಬದಲಾವಣೆ ಶುರುವಾಗಿದೆ ಎಂದು ಗೊತ್ತಾಗುವುದು ಟ್ಯಾಪ್‌ಗಳ ಲೆಕ್ಕದಿಂದಲ್ಲ. ಒಂದು ದಿನ ನೀವು ಬೆನ್ನ ಕಡೆ ಸರಿಯುವಷ್ಟರಲ್ಲೇ ಎದುರಿನವರ ಎರಡೂ ಕೈ ಓಡಿಬಂದು ಕತ್ತು ಮುಚ್ಚಿಕೊಳ್ಳುತ್ತವೆ. ಆ ಹೊತ್ತಿಗೆ ಅವರ ಸೊಂಟ, ಕಾಲು ಕಾಯಲು ಯಾರೂ ಇರುವುದಿಲ್ಲ. ಆಗ ಅವಸರ ಮಾಡದೆ ಹಿಮ್ಮಡಿ ಒಳಗೆ ಸೇರಿಸಿ.